ಹಾಲಿನ ಕೊಡ ಹೊತ್ತವರ ಹಿಂದೆ

ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಅಧ್ಯಕ್ಷ ಮುತ್ತಯ್ಯನವರೇ, ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ ಬಂದ ಅತಿಥಿಗಳೇ, ಓಡೈಪಟ್ಟಿಯ ನಮ್ಮ ಕುಲದ ಹಿರಿಯರೇ, ತಾಯಂದಿರೇ, ಎಲೆ ಯಾವಾಗ ಹಾಕುತ್ತಾರೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಎಲ್ಲರಿಗೂ ಈ ಅಯ್ಯಾವುವಿನ ವಂದನೆಗಳು. ನನ್ನ ಕನ್ನಡದಲ್ಲಿ ತಮಿಳು ಎಷ್ಟಿದೆ ಎಂದು ಯಾರೂ ಅಳೆಯಬೇಡಿ. ನಮ್ಮವರು ಈ ಕಣಿವೆಗೆ ಬಂದು ಎಷ್ಟೋ ತಲೆಮಾರುಗಳಾದವು. ಅಡುಗೆಮನೆಯಲ್ಲಿ ಉಳಿದಷ್ಟು ಕನ್ನಡ ನಮ್ಮದು. ಅರ್ಥವಾಗದ ಮಕ್ಕಳಿಗೆ ಪಕ್ಕದವರು ತಮಿಳಿನಲ್ಲಿ ಹೇಳಿ. ನಗಬೇಕಾದ ಕಡೆ ಮಾತ್ರ ತಪ್ಪದೆ ಹೇಳಿ.

ಇವತ್ತು ನನಗೆ ಶಾಲು ಹೊದಿಸಿದ್ದೀರಿ. ಏಕೆ? ವರ್ಷಕ್ಕೊಮ್ಮೆ ನಾವೆಲ್ಲ ಬೆಟ್ಟದ ಮೇಲಿನ ಕುಲದೇವಿಯ ಕಲ್ಲಿಗೆ ನಡೆದು ಹೋಗುವಾಗ, ಹಾಲಿನ ಕೊಡ ಹೊತ್ತು ಎಲ್ಲರಿಗಿಂತ ಮುಂದೆ ನಡೆದವನು ನಾನು ಎಂಬ ಕಾರಣಕ್ಕೆ. ಸಂತೋಷ. ಆದರೆ ಶಾಲು ಹೆಗಲ ಮೇಲೆ ಬಿದ್ದ ಕೂಡಲೇ ಅಧ್ಯಕ್ಷರು ಮೈಕಿನಲ್ಲಿ, ‘ಈ ವರ್ಷದಿಂದ ಕೊಡ ತಿಲಗವತಿ ಹೊರುತ್ತಾಳೆ’ ಎಂದರು. ಶಾಲು ಇಷ್ಟು ದುಬಾರಿಯದು ಯಾಕೆಂದು ಆಗ ತಿಳಿಯಿತು. ಇರಲಿ.

ತಿಲಗವತಿ ನನ್ನ ಅಣ್ಣನ ಮಗಳು. ದಿಂಡಿಗಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅವಳೇ ಹೇಳಿದ್ದು: ಕೆಲವು ಜಾತಿಯ ಇರುವೆಗಳಲ್ಲಿ, ಹೊಸ ಗೂಡನ್ನೋ ಆಹಾರವನ್ನೋ ಕಂಡ ಇರುವೆ ಇನ್ನೊಂದನ್ನು ಕರೆದುಕೊಂಡು ಹೋಗಿ ದಾರಿ ತೋರಿಸುತ್ತದಂತೆ. ಹಿಂದಿನದು ತನ್ನ ಮೀಸೆಯಿಂದ ಮುಂದಿನದರ ಬೆನ್ನು ತಟ್ಟುತ್ತಾ ಬರಬೇಕು. ತಟ್ಟುವುದು ನಿಂತರೆ ಮುಂದಿನದೂ ನಿಲ್ಲುತ್ತದೆ. ಹಿಂದಿನದು ಅತ್ತಿತ್ತ ಸುಳಿದು, ದಾರಿಯ ಗುರುತು ಹಿಡಿದು, ಮತ್ತೆ ಬಂದು ತಟ್ಟುವವರೆಗೆ ಕಾಯುತ್ತದೆ. ‘ಒಂಟಿಯಾಗಿ ಹೋದ್ರೆ ಎಷ್ಟೋ ಬೇಗ ಹೋಗ್ಬೋದು ಚಿಕ್ಕಪ್ಪಾ. ಆದ್ರೂ ನಿಲ್ತದೆ. ಅದೇ ಪಾಠ’ ಎಂದಳು. ಹೀಗೆ ನಿಂತು ನಿಂತು ನಡೆದರೆ ಹಾಲು ಮೊಸರಾಗುವುದಿಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ!

ನಾನೂ ಕಲಿಸಿದವನೇ. ನನ್ನ ಅಪ್ಪ ನನಗೆ ಹೇಗೆ ಕಲಿಸಿದರೋ ಹಾಗೆ. ಅವರ ಹಿಮ್ಮಡಿಯ ಹೊರತು ನಾನು ಏನನ್ನೂ ಕಂಡವನಲ್ಲ. ನಾನೂ ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಫಲ ನೋಡಿ: ಇಷ್ಟು ವರ್ಷ ನನ್ನ ಹಿಂದೆ ಬಂದ ಇಡೀ ಕುಲದಲ್ಲಿ ಒಬ್ಬರಿಗೂ ದಾರಿ ಗೊತ್ತಿಲ್ಲ. ಗುರುವಾದವನಿಗೆ ಇದಕ್ಕಿಂತ ಹೆಮ್ಮೆ ಬೇಕೇ? ತಿಲಗವತಿ ಮಾತ್ರ ರಜೆಯಲ್ಲಿ ತಾನೇ ಹೋಗಿ ಬಂದು ಕಲಿತಳಂತೆ. ನನ್ನನ್ನು ಒಂದು ಮಾತು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲವೇ? ಕೇಳಿದ್ದಳು. ನಾನು ಕೆಲಸದಲ್ಲಿದ್ದೆ.

ಹೋದ ವರ್ಷದ ಸಂಗತಿ ಎತ್ತಬೇಡಿ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದಾರೆ. ಎತ್ತುವುದಿಲ್ಲ. ಆದರೆ ತಪ್ಪನ್ನು ನನ್ನ ಮೇಲೆ ಹೊರಿಸಿರುವುದರಿಂದ ಒಂದು ಮಾತು. ಕೊಡ ಹೊತ್ತವನನ್ನು ಹಿಂದಿನಿಂದ ಕೂಗಬಾರದು ಎಂಬುದು ನಮ್ಮ ಕಟ್ಟು. ಕವಲಿನಲ್ಲಿ ಪೊದೆ ಬೆಳೆದಿತ್ತು. ನಾನು ಎಡಕ್ಕೆ ತಿರುಗಿದೆ. ಅಷ್ಟರಲ್ಲಿ ದಾರಿ ಕಲಿತಿದ್ದ ತಿಲಗವತಿ ಬಾಯಿ ಬಿಡುವಂತಿಲ್ಲ, ನನ್ನ ಬೆನ್ನು ತಟ್ಟಿದಳು. ಬೇಗ ನಡೆ ಅನ್ನುತ್ತಿದ್ದಾಳೆ ಎಂದುಕೊಂಡು ಜೋರಾಗಿ ನಡೆದೆ. ಮತ್ತೆ ತಟ್ಟಿದಳು. ಇನ್ನೂ ಜೋರಾಗಿ ನಡೆದೆ. ಕೊನೆಗೆ ಒಂದು ಕಲ್ಲು ಸಿಕ್ಕಿತು. ಹಾಲೆರೆದೆವು, ಪೊಂಗಲ್ ಇಟ್ಟೆವು. ಕುಂಕುಮ ಹಚ್ಚಲು ಬಗ್ಗಿದ ಓಚ್ಚಮ್ಮಾಳ್ ಅತ್ತೆ, ‘ಅಯ್ಯಾವು, ನಮ್ಮ ದೇವಿ ಮೈಮ್ಯಾಲೆ ಯಾವಾಗಿಂದ ನಂಬರ್ ಬರ್ಸ್ಕೊಂಡವ್ಳೆ?’ ಎಂದರು. ಅದು ಕಾಡಿನ ಎಲ್ಲೆಗಲ್ಲು. ಸಭಿಕರೇ, ಆ ಕಲ್ಲಿಗಾದರೂ ಯಾರು ಯಾವತ್ತು ಹಾಲೆರೆದಿದ್ದರು? ಪುಣ್ಯವೇ ಅಲ್ಲವೇ?

ನಗಿ, ನಗಿ. ಮಂಡಿ ನೋವಿನಲ್ಲಿ ನಾನು ಈ ವೇದಿಕೆಯ ಮೆಟ್ಟಿಲು ಹತ್ತಿ ಮುಗಿಸಿದಾಗ ನೀವು ಚಪ್ಪಾಳೆ ತಟ್ಟಿದ್ದನ್ನೂ ಗೌರವವೆಂದೇ ತಿಳಿದಿದ್ದೇನೆ. ಅಧ್ಯಕ್ಷರು ಬಹಳ ಒಳ್ಳೆಯವರು. ‘ನೀನು ಜೀಪಿನಲ್ಲಿ ಬಂದು ಬೆಟ್ಟದ ಬುಡದಾಗೆ ಕೂತ್ಕೊ ಅಯ್ಯಾವು, ಪೊಂಗಲ್ ತಂದ್ಕೊಡ್ತೀವಿ’ ಎಂದರು. ತಂದುಕೊಡುತ್ತಾರಂತೆ! ನನಗೆ! ಆ ಮಾತು ಕೇಳಿ ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊಡ ಹೋದರೆ ಹೋಗಲಿ, ದೇವಿಯ ಮುಂದೆ ನಿಲ್ಲದೆ ನಾನು ಹೇಗಿರಲಿ?

ಮೊನ್ನೆ ತಿಲಗವತಿಯನ್ನು ಸುಮ್ಮನೆ ಕೇಳುವವನ ಹಾಗೆ ಕೇಳಿದೆ: ಹಿಂದಿನ ಇರುವೆ ಬಾರದೆ ಹೋದರೆ ಮುಂದಿನದು ಏನು ಮಾಡುತ್ತದೆ? ‘ಒಂದಷ್ಟು ಹೊತ್ತು ನೋಡಿ ಹೋಗ್ಬುಡ್ತದೆ ಚಿಕ್ಕಪ್ಪಾ’ ಎಂದಳು. ಆಮೇಲೆ ನನ್ನ ಮುಖ ನೋಡಿ, ‘ಆದ್ರೆ ಎರಡೂ ಕೂಡಿ ರೊಂಬ ದೂರ ಬಂದಿದ್ರೆ ಜಾಸ್ತಿ ಹೊತ್ತು ಕಾಯ್ತದೆ’ ಎಂದಳು.

ಶಾಲಿಗೆ, ಹಾರಕ್ಕೆ, ನನ್ನನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೆ ಧನ್ಯವಾದಗಳು. ಜೀಪು ಬೇಡ. ತಿಲಗವತೀ, ಕೊಡ ನೀನೇ ಹೊರು. ಹಿಂದೆ ನಾನು ಬರುತ್ತೇನೆ. ಕೂಗುವಂತಿಲ್ಲ, ಗೊತ್ತಲ್ಲ. ಬೆನ್ನ ಮೇಲೆ ನನ್ನ ಕೈ ಇಲ್ಲ ಅನ್ನಿಸಿದರೆ ನಿಲ್ಲು. ನೀನು ನಡೆಯಲು ಕಲಿತದ್ದು ನನ್ನ ಬೆರಳು ಹಿಡಿದು, ನಾವು ಕೂಡಿ ಬಹಳ ದೂರ ಬಂದಿದ್ದೇವೆ ತಾಯೀ. ಸ್ವಲ್ಪ ಜಾಸ್ತಿ ಹೊತ್ತೇ ನಿಲ್ಲು.

ನಮಸ್ಕಾರ.