ಗಾಲಿಬೂಟಿನ ಪಿಚ್ಚರಿನ ಡಿಸ್ಕ್

ಇಲ್ರೀ ಆಫ್ತಾಬಭಾಯಿ, ಟಿವಿ ಕೆಟ್ಟಿಲ್ಲ. ನಮ್ಮ ಟಿವಿ ಛಲೋ ಐತಿ. ಮುಂಜಾನೆ ಅದರಾಗ ಪ್ರವಚನ ನೋಡೇ ಬಂದೇನಿ, ಸ್ವಾಮಿಗಳ ಗಡ್ಡದಾಗಿನ ಬಿಳಿ ಕೂದಲ ಒಂದೊಂದೂ ಎಣಿಸಬಹುದಿತ್ತು. ಕೆಟ್ಟಿದ್ದು ನಿಮ್ಮ ಡಿಸ್ಕ್! ಇದು... ಈ ಡಬ್ಬಿ ಒಳಗಿಂದು!... ಯಾವುದಂದ್ರ? ಹೋದ ತಿಂಗಳ ನಮ್ಮ ಮಗಳು ಋತುಜಾ ನಿಮ್ಮ ಕಡೆಯಿಂದ ಮುಂಬೈಕ್ಕ ಹೇಳಿ ತರಿಸಿಕೊಂಡಳಲ್ಲ, ಅಮೇರಿಕಾದ ಹೆಣ್ಮಕ್ಕಳ ಪಿಚ್ಚರು? ಗಾಲಿಬೂಟು ಹಾಕ್ಕೊಂಡು ದುಂಡಗ ಓಡತಾರ, ಓಡಿಕೋತ ಒಬ್ಬಾಕಿ ಇನ್ನೊಬ್ಬಾಕಿನ್ನ ಟೊಂಕದಿಂದ ಗುದ್ದತಾಳ, ಗುದ್ದಿಸಿಕೊಂಡಾಕಿ ಹೋಗಿ ನೋಡಾಕ ಬಂದ ಮಂದಿ ಉಡಿಯಾಗ ಬೀಳತಾಳ... ಹಾಂ, ಅದೇ. ರೋಲರ್ ಡರ್ಬಿ. ನಿಮಗ ಹೆಸರೂ ಬಾಯಿಪಾಠ ಆಗೇತಿ. ನನ್ನ ನಾಲಿಗಿಗೆ ಇನ್ನೂ ಹೊಂದಿಲ್ಲ.

ಚಾ ಬ್ಯಾಡ್ರಿ. ಇವತ್ತ ಶುಕ್ರವಾರ, ಬನಶಂಕ್ರಿ ತಾಯೀದು ಒಪ್ಪತ್ತು ಐತಿ ನಂದು. ಕುಂದ್ರಂಗೂ ಇಲ್ಲ. ಐದರೊಳಗ ಈ ಕೆಲಸ ಆಗಬೇಕು.

ಏನಾಗೇತಿ ಅಂತ ಕೇಳತೀರಿ? ಏನಾಗಿಲ್ಲ ಅಂತ ಕೇಳ್ರಿ! ಕತ್ತಲಿ ಸೀನ್ ಬಂತಂದ್ರ ಮಾರಿ ಮಾರಿ ಆಗಿ ಉಳಿಯಂಗಿಲ್ಲ, ಚೌಕ ಚೌಕ ಆಗತಾವ. ಕೌದಿಗೆ ಅರಬಿ ತುಂಡು ಜೋಡಿಸಿದಂಗ! ಇದು ಮೂಗೋ, ಇದು ಗ್ವಾಡಿಯೋ, ಯಾವ ತುಂಡು ಯಾರದು ಒಂದೂ ತಿಳಿಯಂಗಿಲ್ಲ. ಬೆಳಕಿನ್ಯಾಗ ಬಂದ್ರ ಎಲ್ಲಾರ ಮಾರಿಗೂ ಅರಿಷಿಣ ಮೆತ್ತಿದಂಗ. ಅರಿಷಿಣ ಶಾಸ್ತ್ರ ಅರ್ಧಕ್ಕ ಬಿಟ್ಟು ನೆಟ್ಟಗ ಆಟಕ್ಕ ಎದ್ದು ಬಂದಾರೇನೋ ಅನ್ನಬೇಕು... ಯಾಕ ನಗತೀರಿ? ನಗಬ್ಯಾಡ್ರಿ. ನನ್ನ ಹೊಟ್ಟಿ ಉರಿಯಾಕತ್ತೈತಿ, ನಿಮಗ ನಗಿ.

ಇನ್ನ ದನಿ! ಪಿಚ್ಚರಿನ್ಯಾಗಿನ ತಾಯಿ-ಮಗಳು ಅಡಿಗಿಮನ್ಯಾಗ ಕುಂತು ಮಾತಾಡೋ ಮುಂದ ನಾ ಕಿವಿ ಒಯ್ದು ಟಿವಿಗೆ ಹಚ್ಚಬೇಕು. ಹಚ್ಚಿದೆ ಅನ್ನೂದರಾಗ ಆಟ ಚಾಲೂ! ಢಂ! ಶಿಳ್ಳಿ, ಕೂಗು, ಗಾಲಿ ಗರಗರ... ಬಾಜೂ ಮನಿ ಸಾವಕ್ಕ ಬಂದು, "ಯಾಕ್ರೀ ಇಂದಕ್ಕಾ, ಮನ್ಯಾಗ ಗಿರಣಿ ಹಾಕೀರೇನು?" ಅಂದಳು. ಕೆಳಗ ಇಂಗ್ಲೀಷ್ ಅಕ್ಷರ ಬರತಾವಲ್ಲ, ಅವಂತೂ ಮಾತಿನ ಹಿಂದ ನಡಕೋತ ಬರತಾವ. ಹುಡುಗಿ ಅತ್ತು, ಮಾರಿ ಒರಸಿಕೊಂಡು, ಎದ್ದು ಹ್ವಾದ ಮ್ಯಾಲೆ, ಆಕಿ ಯಾಕ ಅತ್ತಳು ಅಂತ ನಾ ಓದಬೇಕು!

ಮತ್ತ ಎಲ್ಲಾರೂ ಗಿಡ್ಡ. ಎಲ್ಲಾರೂ ದಪ್ಪ. ಇದೇನು, ಆ ದೇಶದಾಗ ಒಂದು ಉದ್ದನ ಹುಡುಗಿ... ಏನಂದ್ರಿ? ರಿಮೋಟಿನ್ಯಾಗ ಒಂದು ಬಟನ್ ಐತಿ? ಒತ್ತಿದ್ರ ಉದ್ದ ಆಗತಾರ? ಹಂಗಾದ್ರ ಅದು ನಮ್ಮ ತಪ್ಪು. ದನಿ? ಐದು ಸ್ಪೀಕರ್ ಇದ್ದವರ ಸಲುವಾಗಿ ಮಾಡಿದ್ದನ್ನ ಎರಡು ಸ್ಪೀಕರಿನ್ಯಾಗ ಕೇಳಿದ್ರ ಹಂಗೇ ಆಗತೈತಿ? ಅದೂ ನಮ್ಮ ತಪ್ಪೇ. ಅರಿಷಿಣ ಮಾರಿಗೂ ಸೆಟ್ಟಿಂಗ್ ಅಂತೀರಿ? ಶಾಣ್ಯಾರಿದ್ದೀರಿ ಬಿಡ್ರಿ. ನಾ ಹತ್ತು ತಕರಾರು ತಗೊಂಡು ಬಂದ್ರ ನೀವು ಹತ್ತೂ ಹೊಳ್ಳಿ ನನ್ನ ಕೈಯಾಗ ಕೊಟ್ಟು ಕಳಸತೀರಿ. ಹದಿನೈದು ವರ್ಷ ಆತು, ಭಜನಿ ಡಿಸ್ಕ್ ಎಲ್ಲಾ ನಿಮ್ಮ ಕಡೇನೇ ಒಯ್ದೇನಿ. ಒಂದಕ್ಕರ ಜಗಳ ತಗದೇನೇನು?

ಇರಲಿ. ಇದಕ್ಕೇನು ಹೇಳತೀರಿ ಹೇಳ್ರಿ. ಪಿಚ್ಚರು ನಡುವ ನಿಂತ ಬಿಡತೈತಿ.

ಎಲ್ಲಿ? ಕೊನೀ ಆಟದ ಮುಂದ. ಆ ಹುಡುಗಿ ಬಟ್ಟಿ ಒಗಿಯೋ ಅಂಗಡ್ಯಾಗ ಕೆಲಸ ಮಾಡತಿರತಾಳಲ್ಲ... ನೀವು ನೋಡೀರಿಲ್ಲೋ? ನೋಡೀರಿ. ಛಲೋ ಆತು. ಆಕಿ ತಾಯಿ ಪಿಚ್ಚರ್ ತುಂಬಾ ಒಂದೇ ಮಾತು, ಬ್ಯಾಡ, ಬ್ಯಾಡ, ಬ್ಯಾಡ. ಕೊನೀ ದಿನ ತಾಯಿ ಕಾರು ತಗೊಂಡು ಆಟದ ಮನಿ ಬಾಗಿಲಿಗೆ ಬರತಾಳ. ಒಳಗ ಹೋಗಂಗಿಲ್ಲ. ಕಾರಿನ್ಯಾಗ ಕುಂತು ಒಳಗಿನ ಗದ್ದಲ ಕೇಳತಾಳ. ಕಾರಿನ ಬಾಗಿಲಿಗೆ ಕೈ ಹಚ್ಚತಾಳ... ಅಲ್ಲಿಗೆ ಟಪ್! ಮುಂದ ಇಲ್ಲ. ತಾಯಿ ಇಳಿದಳೋ, ಹೊಳ್ಳಿ ಮನಿಗೆ ಹ್ವಾದಳೋ, ಯಾರಿಗೆ ಗೊತ್ತು.

ರೊಕ್ಕ ಹೊಳ್ಳಿ ಬ್ಯಾಡ್ರಿ ನನಗ. ಬ್ಯಾರೆ ಡಿಸ್ಕೂ ಬ್ಯಾಡ. ಬ್ಯಾಡಂದ್ರ ಬ್ಯಾಡ, ತರಸಬ್ಯಾಡ್ರಿ! ಒಂದು ಉಪಕಾರ ಮಾಡ್ರಿ. ಅಂಗಡಿ ಪಾವತಿ ಮ್ಯಾಲೆ ಎರಡು ಸಾಲು ಬರದು ಶಿಕ್ಕಾ ಒತ್ತಿಕೊಡ್ರಿ: "ಈ ಡಿಸ್ಕ್ ಕೆಟ್ಟೈತಿ, ಕೊನೀತನಕ ನೋಡಾಕ ಬರಂಗಿಲ್ಲ." ಅಷ್ಟೇ.

ಹಂಗ ನೋಡಬ್ಯಾಡ್ರಿ ನನ್ನ. ಹೇಳತೇನಿ.

ನಮ್ಮ ಋತುಜಾ ಎಂಟು ವರ್ಷದಾಕಿ ಇದ್ದಾಗಿಂದ ಗಾಲಿಬೂಟು ಕಟಗೊಂಡು ರಿಂಕಿಗೆ ಹೊಕ್ಕಾಳ, ನಿಮಗ ಗೊತ್ತೇ ಐತಿ. ಈಗ ಹದಿನೇಳು. ಇಷ್ಟು ದಿನ ಹೆಂಗೋ ನಡೀತು, ಓಡತಾಳ, ಬರತಾಳ. ಈಗ ಸುಮಲತಾ ಅಂತ ಕಲಿಸಾಕಿ ಬಂದಾಳ ನೋಡ್ರಿ, ಮುಗದ ಊರಿನ ರೈತರ ಮಗಳು, ಗಟ್ಟಿ ಹೆಣ್ಣು, ಮಾತೂ ಗಟ್ಟಿ. ಆಕಿ ಈ ಗುದ್ದಾಡೋ ಆಟದ್ದು ಹುಡುಗ್ಯಾರ ತಂಡ ಕಟ್ಟಾಕತ್ತಾಳ. ಪುಣೇದಾಗ ಒಂದು ತಿಂಗಳ ಶಿಬಿರ ಅಂತ. ಅದರ ಫಾರ್ಮು ಇವತ್ತ ಸಂಜಿ ಐದಕ್ಕ ಕಡೀ. ತಂದಿ-ತಾಯಿ ಸಹಿ ಬೇಕು. ನಮ್ಮ ಮನಿಯವರು ಏನಂದ್ರು ಗೊತ್ತೇನು? ಪೇಪರಿನಿಂದ ತಲಿ ಎತ್ತಲಿಲ್ಲ. "ನಿಮ್ಮ ಮಮ್ಮಿ ಹೂಂ ಅಂದ್ರ ನಂದೇನೈತಿ" ಅಂದ್ರು! ಒಳ್ಳೇತನ ಅವರದು, ಹೂಂ ನಂದು.

ಹೋದ ವರ್ಷ ಆಕೀದು ಹೆಗಲಿನ ಎಲುಬು ಮುರದಿತ್ತು. ಆರು ವಾರ ನಾನೇ ತಲಿ ಬಾಚಿದೆ, ನಾನೇ ತುತ್ತು ಮಾಡಿ ಉಣಿಸಿದೆ. ಅದು ತಾನ ಬಿದ್ದದ್ದು. ಇಲ್ಲಿ ಕೆಡವೋದೇ ಆಟ!

ಬ್ಯಾಡ ಅಂದೆ. ಅಳಲಿಲ್ಲರೀ ಹುಡುಗಿ. ಅತ್ತಿದ್ರ ನನಗ ಸಸಾರ ಆಗತಿತ್ತು. ಈ ಡಿಸ್ಕ್ ತಂದು ನನ್ನ ಮುಂದ ಇಟ್ಟಳು. "ಮಮ್ಮಿ, ನೀ ಆ ಆಟ ಒಂದು ಸಲ ಸೈತ ನೋಡಿಲ್ಲ. ಇದನ್ನ ಮೊದಲಿಂದ ಕೊನೀಮಟ ನೋಡು. ನೋಡಿದ ಮ್ಯಾಲೆ ನಿನ್ನ ಮನಸಿನ್ಯಾಗ ಏನು ಬರತೈತಿ, ಅದನ್ನ ಹೇಳು. ಬ್ಯಾಡ ಅಂದ್ರ ಬೂಟು ಅಟ್ಟಕ್ಕ ಹಾಕತೇನಿ, ಎದುರು ಮಾತಾಡಂಗಿಲ್ಲ" ಅಂದಳು. ನಾ ಏನು ಮಾಡಿದೆ? ದೊಡ್ಡ ಭಕ್ತಿವಂತಿ ನಾನು! ಬನಶಂಕ್ರಿ ತಾಯಿ ಮುಂದಿನ ದೀಪದ ಮ್ಯಾಲೆ ಕೈ ಹಿಡದು, ಆತವ್ವಾ, ಪೂರಾ ನೋಡತೇನಿ, ನೋಡಿ ಖರೇ ಇದ್ದದ್ದನ್ನ ಹೇಳತೇನಿ, ಅಂತ ಮಾತು ಕೊಟ್ಟೆ. ನಮ್ಮ ಮನ್ಯಾಗ ದೀಪದ ಮುಂದ ಆಡಿದ ಮಾತು ಇಲ್ಲೀತನಕ ಯಾರೂ ಮುರದಿಲ್ಲ. ನಮ್ಮ ಅತ್ತಿ ಒಂದು ಮಾತಿನ ಸಲುವಾಗಿ ಮೂವತ್ತು ವರ್ಷ ಮಾವಿನಹಣ್ಣು ಬಿಟ್ಟಿದ್ದರು.

ಈಗ ತಿಳೀತಲ್ಲ? ಪಿಚ್ಚರು ಪೂರಾ ಆಗಲಿಲ್ಲ ಅಂದ್ರ ನಾ ಏನೂ ಹೇಳೋದು ಬರಂಗಿಲ್ಲ. ಹೂಂ ಅನ್ನಾಕೂ ಇಲ್ಲ, ಬ್ಯಾಡ ಅನ್ನಾಕೂ ಇಲ್ಲ. ಅಷ್ಟರಾಗ ಐದು ಹೊಡೀತೈತಿ, ಫಾರ್ಮಿನ ಹೊತ್ತು ಮೀರತೈತಿ. ಮಾತು ಮುರದಂಗಾಗಲಿಲ್ಲ, ಹುಡುಗಿ ಮನಸ ಮುರದಂಗಾಗಲಿಲ್ಲ. ಡಿಸ್ಕ್ ಕೆಟ್ಟಿತ್ತು, ಏನು ಮಾಡೋದು, ತಾಯಿ ಇಚ್ಛಾ!

ಬರೀರಲ್ಲ... ಮೊದಲ ನೋಡತೀರಾ? ನೋಡೋದೇನೈತ್ರಿ ಅದರಾಗ. ಹದಿನೈದು ವರ್ಷದ ಗಿರಾಕಿ ಮಾತಿನ ಮ್ಯಾಲೆ... ಆತು, ನೋಡ್ರಿ. ತಗೀರಿ ಡಬ್ಬಿ.

ಮತ್ತ ನಗಾಕತ್ತೀರಿ! ಹಾಂ, ಕುಂಕುಮ ಅದು. ಅದರಾಗ ನಗೋದೇನು? ನಮ್ಮ ಮನಿಗೆ ಹೊಸಾದು ಏನ ಬರಲಿ, ಮೊದಲ ತಾಯಿ ಮುಂದಿಟ್ಟು ಕುಂಕುಮ ಹಚ್ಚೇ ಒಳಗ ತಗೊಳ್ಳೋದು. ಫ್ರಿಜ್ಜಿಗೆ ಹಚ್ಚೇವಿ, ಮಿಕ್ಸರಿಗೆ ಹಚ್ಚೇವಿ, ನಮ್ಮ ಮನಿಯವರ ಹೊಸಾ ಹಲ್ಲಿನ ಸೆಟ್ಟಿಗೂ ಹಚ್ಚೇನಿ. ಇದಕ್ಕೂ ಬಂದ ದಿನಾನೇ ಹಚ್ಚಿದ್ದು. ಒಂದು ತಿಂಗಳ ಮಾತು... ಹೊಳೆಯೋ ಬದಿಗೆ ಯಾಕ ಹಚ್ಚಿದೆ ಅಂದ್ರ? ನನಗೇನು ಗೊತ್ತು ಯಾವುದು ಮಾರಿ, ಯಾವುದು ಬೆನ್ನು!... ಹೌದು, ಭಜನಿ ಡಿಸ್ಕ್ ದಿನಾ ಹಾಕತೇನಿ. ಹಾಕೋದು ಬ್ಯಾರೆ, ಹಚ್ಚೋದು ಬ್ಯಾರೆ.

ಒರಸತೀರಾ? ಒರಸ್ರಿ. ಹತ್ತಿಯಿಂದ ಒರಸಿದ್ರ ಹೋಗತೈತೇನು ಅದು, ತಿಂಗಳ ಹಿಂದಿಂದು... ಹೋತು. ನಿಮ್ಮ ಮಶೀನಿಗೆ ಹಾಕಿ ನೋಡ್ರಿ ಬೇಕಾದ್ರ. ನಿಂದರತೈತಿ ಅಂತ ಹೇಳಾಕತ್ತೇನಲ್ಲ. ಮುಂದ ಓಡಿಸ್ರಿ. ಇನ್ನೂ ಮುಂದ. ಹಾಂ, ಇದೇ, ಕಾರು ಬಂತು... ಕುಂತಾಳ... ಕೈ ಹಚ್ಚಿದಳು... ಈಗ ನಿಂದರತೈತಿ ನೋಡ್ರಿ. ಈಗ.

ನಿಂದರಲಿಲ್ಲ.

ಹೌದಲ್ಲ, ಮಾರಿ ಚೌಕ ಚೌಕಾನೂ ಇಲ್ಲ. ಉದ್ದ ಅದಾರ ಎಲ್ಲಾರೂ. ದನಿ... ದನೀನೂ ಛಲೋ ಐತಿ. ಬಂದ್ ಮಾಡ್ರಿ ಆಫ್ತಾಬಭಾಯಿ. ಬಂದ್ ಮಾಡ್ರಿ ಅಂದೆ! ತಾಯಿ ಇಳಿಯೋದನ್ನ ನಾ ನೋಡಬೇಕಾಗಿಲ್ಲ.

ಅಂದ್ರ ಕುಂಕುಮದ್ದೇ ತಪ್ಪು ಅನ್ರಿ. ಆತು, ನನ್ನ ಕೈಯಿಂದಾನೇ ಆಗೇತಿ. ಒಪ್ಪತೇನಿ. ಆದ್ರೂ ಮನ್ಯಾಗ ಇದ್ದಾಗ ಕೆಟ್ಟಿತ್ತು, ಅದಂತೂ ಖರೇ. ನೀವು ಅಷ್ಟೇ ಬರೀರಿ. "ಕೆಟ್ಟಿತ್ತು." ಬರದ್ರ ನಿಮಗೂ ಸುಳ್ಳಿನ ಪಾಪ ಬರಂಗಿಲ್ಲ, ನನಗೂ...

ಯಾಕ? ಏನಾತು? ಆ ಹತ್ತಿ ಯಾಕ ಮೂಸಿ ನೋಡಾಕತ್ತೀರಿ?

ನಿಮ್ಮ ಬೆರಳಿಗೆ ಹತ್ತೇತೇನು. ತಡೀರಿ, ಸೆರಗಲೆ ಒರಸತೇನಿ... ಎಣ್ಣಿ ಅದು. ಕೊಬ್ಬರಿ ಎಣ್ಣ್ಯಾಗ ಕಲಸಿರತೇನಿ ನಾ ಕುಂಕುಮ, ಲಗೂ ಆರಂಗಿಲ್ಲ... ಅಂದ್ರ, ಒಂದು ತಿಂಗಳತನಕ ಹಸೀನೇ ಇರತೈತಿ ಅಂತಲ್ಲ...

ಮಾತಾಡ್ರಿ. ಇಷ್ಟೊತ್ತು ಒಂದೊಂದು ಮಾತಿಗೆ ನಕ್ಕೋತ ಕುಂತವರು ನೀವು. ಈಗ ನಗ್ರಿ. "ಇವತ್ತ ಹಚ್ಚೀರೇನಕ್ಕಾ?" ಅಂತರ ಕೇಳ್ರಿ. ಕೇಳಿದ್ರ ಇಲ್ಲ ಅನ್ನಾಕರ ಬರತೈತಿ ನನಗ... ಆಫ್ತಾಬಭಾಯಿ?

ಇವತ್ತ ಮುಂಜಾನೆ ಹಚ್ಚಿದೆ.

ಜಳಕಾ ಮಾಡಿ, ಮಡೀಲೆ, ತಾಯಿ ಮುಂದ ಕುಂತು, ಆಕಿ ಪಾದದ ಕುಂಕುಮ ತಗೊಂಡು, ಬೇಕಂತ ಆ ಹೊಳೆಯೋ ಬದೀಗೇ ಹಚ್ಚಿದೆ. ಇದು ಕೆಡಲಿ ತಾಯಿ, ನೀನೇ ಕೆಡಸು, ಅಂತ ಬೇಡಿಕೊಂಡೆ. ಇಪ್ಪತ್ತೆರಡು ವರ್ಷ ಆಕಿ ಪೂಜಿ ಮಾಡೇನಿ, ಬೇಡಿಕೊಂಡದ್ದು ಇದು. ಆಕಿ ಕೆಡಸಲಿಲ್ಲ ನೋಡ್ರಿ, ಒಂದು ಹತ್ತಿಗೇ ಹೋತು. ಸುಳ್ಳು ಹೇಳೋ ಪಾಳಿ ನಿಮಗ ಹಚ್ಚಾಕ ಬಂದೆ.

ನೋಡೇನ್ರಿ. ನಿನ್ನೆ ಮಧ್ಯಾಹ್ನ ನೋಡೇನಿ, ಪೂರಾ. ಹುಡುಗಿ ಕಾಲೇಜಿಗೆ ಹೋಗಿದ್ದಳು. ಎಲ್ಲಾರೂ ಗಿಡ್ಡ, ಎಲ್ಲಾರೂ ಅರಿಷಿಣ, ಅಕ್ಷರ ಹಿಂದ, ಆದ್ರೂ ಎದ್ದು ಹೋಗಾಕ ಆಗಲಿಲ್ಲ. ಆ ಹುಡುಗಿ ಬೀಳತಾಳ, ಏಳತಾಳ, ಬಾಯಾಗ ರಕ್ತ ಇಟಗೊಂಡು ನಗತಾಳ. ಯಾರು ಕೆಡವಿದಳೋ ಆಕಿನೇ ಕೈ ಕೊಟ್ಟು ಎಬ್ಬಸತಾಳ. ನಮ್ಮ ಋತುಜಾ ಮನ್ಯಾಗ ಹಂಗ ನಕ್ಕಿದ್ದು ನಾ ಯಾವಾಗ ನೋಡೇನಿ? ನೋಡಿಲ್ಲ. ರಿಂಕಿನ್ಯಾಗ ನಗತಿರಬಹುದು, ನಾ ಎಂದರ ಒಳಗ ಹೋಗೇನೇನು?

ಪಿಚ್ಚರು ಮುಗಿಸಿ ದೀಪದ ಮುಂದ ಕುಂತು ಬ್ಯಾಡ ಅನ್ನಾಕ ಬಾಯಿ ತಗದೆ. ಬರಲಿಲ್ಲರೀ. ನೋಡೋಕಿಂತ ಮೊದಲ ನನ್ನ ಹತ್ರ ಎಷ್ಟು ಬ್ಯಾಡ ಇದ್ದವು, ಗೋಣಿಚೀಲ ತುಂಬಾ! ಒಂದೂ ಉಳೀಲಿಲ್ಲ. ಬ್ಯಾಡ ಅಂದ್ರ ಈಗ ಅದು ಸುಳ್ಳು. ಹೂಂ ಅಂದೆ ಅನ್ರಿ... ನಾಳೆ ಪುಣೇದಿಂದ ಯಾರರ ಫೋನ್ ಮಾಡಿ, ಹುಡುಗಿ ಬಿದ್ದಾಳ ಬರ್ರಿ, ಅಂದ್ರ? ಆಗ ಯಾರ ಮ್ಯಾಲೆ ಹಾಕಲಿ? ತಾಯಿ ಇಚ್ಛಾ ಅಂತ ಅನ್ನಾಕ ಬರತೈತೇನು? ನಾನೇ ಹೂಂ ಅಂದಿರತೇನಿ!

ಏನರ ಅನ್ರಿ. ಬೈರಿ ಬೇಕಾದ್ರ, ಹಿರೀಕಿ ಅಂತ ನೋಡಬ್ಯಾಡ್ರಿ. ಹೋಗಲಿ, ನಿಮಗೂ ಹೆಣ್ಣು ಕೂಸು ಐತಿ, ನೀವಿದ್ರ ಏನು ಮಾಡತಿದ್ರಿ, ಅಷ್ಟರ ಹೇಳ್ರಿ...

ಡಿಸ್ಕ್ ಡಬ್ಬ್ಯಾಗ ಹಾಕಿ ನನ್ನ ಮುಂದ ಇಟ್ಟಿರಿ.

ಬಿಡ್ರಿ. ಫೋನ್ ಮಾಡತೇನಿ... ಹಲೋ? ಋತುಜಾ? ಹಾಂ, ಆಫ್ತಾಬಭಾಯಿ ಅಂಗಡ್ಯಾಗ ಅದೇನಿ... ಇಲ್ಲವ್ವಾ. ಡಿಸ್ಕ್ ಕೆಟ್ಟಿಲ್ಲ.

ಪೂರಾ ನೋಡೇನಿ.