ಅನಮೋಡದಿಂದ ಮುಂಡಗೋಡಕ್ಕೆ ನಡೆದವನ ಅಕ್ಕ

ಸಭೆಯ ಅಧ್ಯಕ್ಷರಾದ ಅಡಿವೆಯ್ಯನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸುಮಿತಾ ಅವರೇ, ಕೊನೆಯ ದಿನ ನಮ್ಮ ಜೊತೆ ಕಾಲು ಸವೆಸಿದ ಟಿಬೆಟನ್ ಕಾಲೊನಿಯ ಗುರುಗಳೇ, ಸಮವಸ್ತ್ರದಲ್ಲೇ ಬಂದಿರುವ ಅಣ್ಣತಮ್ಮಂದಿರೇ, ಕುರ್ಚಿ ಸಿಗದೆ ನಿಂತೇ ಇರುವ ಸಭಿಕರೇ, ಎಲ್ಲರಿಗೂ ಹಳಿಯಾಳದ ಈ ಈರಕ್ಕನ ಶರಣು.

ಈ ಸನ್ಮಾನ ನನಗಲ್ಲ, ನನ್ನ ತಮ್ಮ ರುದ್ರೇಶನಿಗೆ. ಅವನು ಆಂಬುಲೆನ್ಸ್ ಓಡಿಸುವವನು. ಊರಿಗೆ ಆಪತ್ತು ಬಂದರೆ ಈ ಸಮವಸ್ತ್ರದವರು ಓಡುತ್ತಾರೆ, ಇವರ ಮನಸ್ಸಿಗೆ ಆಪತ್ತು ಬಂದರೆ ಓಡುವವರು ಯಾರು? ಹೀಗೆ ಊರೂರಲ್ಲಿ ಕೇಳುತ್ತ, ದೇಣಿಗೆ ಎತ್ತುತ್ತ, ಅನಮೋಡದಿಂದ ಈ ಮುಂಡಗೋಡದವರೆಗೆ ನಡೆದವನು ಅವನು. ಆದರೆ ವೇದಿಕೆ ಹತ್ತು ಎಂದರೆ, “ನೀನ ಮಾತಾಡ ಅಕ್ಕಾ, ಮೈಕ್ ಕಂಡ್ರ ನನಗ ಜ್ವರ ಬರ್ತಾವ” ಎಂದು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ತಲೆ ತಗ್ಗಿಸಿ ಕೂತಿದ್ದಾನೆ. ನನಗೆ ಮಾತಾಡಲು ಹೇಳಿದ್ದು ಅವನ ತಪ್ಪು. ಖಾನಾವಳಿ ನಡೆಸುವವಳು ನಾನು, ಬಡಿಸಲು ನಿಂತರೆ ಎದುರಿನವರು ಕೈ ಅಡ್ಡ ಹಿಡಿಯುವವರೆಗೂ ಬಿಡುವುದಿಲ್ಲ.

ನಾನೂ ನಡೆದೆ, ಗೊತ್ತಿರಲಿ. ರಾಮನಗರದಲ್ಲಿ ಅವನ ಬೂಟು ಕಚ್ಚಿತು, ಚಪ್ಪಲಿ ಮೆಟ್ಟಿದ. ಜೊಯಿಡಾ ಹತ್ತಿರ ಅದರ ಪಟ್ಟಿ ಹರಿಯಿತು. ನನ್ನ ಇಳಕಲ್ ಸೀರೆಯ ಕೆಂಪು ಸೆರಗಿನ ತುದಿ ಹರಿದು ಕಟ್ಟಿಕೊಟ್ಟೆ. “ಎಂಥಾ ಚಲೋ ಸೀರಿ ಹಾಳ ಮಾಡ್ದೆಲ್ಲಾ!” ಎಂದು ನನಗೇ ಬೈದ. ಇನ್ನು ಗುರುಗಳು ಕೊಟ್ಟ ಉಪ್ಪಿನ ಚಹಾ! ಸಕ್ಕರೆ ಕಮ್ಮಿಯಾದರೆ ರಂಪ ಮಾಡುವ ನಾನು ಎರಡನೇ ಸಲ ಕೇಳಿ ಕುಡಿದೆ.

ಅಗ್ನಿಶಾಮಕ ಠಾಣೆಯ ಭೀಮಸಿಂಗ್ ಅವರು ಮುಂದಿನ ಸಾಲಿನಲ್ಲೇ ಇದ್ದಾರೆ, ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ದಾಂಡೇಲಿಯಲ್ಲಿ ಕಾಳಿ ಹೊಳೆಯ ಸೇತುವೆ ಬಂದದ್ದೇ ತಡ, ನಮ್ಮ ಜೊತೆ ನಡೆಯುತ್ತಿದ್ದ ಅವರು ಕುಸಿದು ಕೂತುಬಿಟ್ಟರು. ಆ ನೀರಿನಿಂದ ಎಷ್ಟು ಜನರನ್ನು ಮೇಲೆತ್ತಿದ ಕೈಗಳೋ ಅವು. ರುದ್ರೇಶ ಪಕ್ಕದಲ್ಲಿ ಕೂತು ಬೆನ್ನು ಸವರಿದ. “ಅತ್ತಬಿಡು ಅಣ್ಣಾ. ಗಂಡಸರು ಅಳಬಾರದಂತ ಯಾವ ಕಾನೂನಿನ್ಯಾಗ ಐತಿ?” ಎಂದ. ನನ್ನ ಎದೆ ಉಬ್ಬಿಹೋಯಿತು. ಇವನು ನನ್ನ ತಮ್ಮ ಎಂದು ಅಲ್ಲಿದ್ದವರಿಗೆಲ್ಲ ಹೇಳಿದೆ. ಅವರಿಗೆಲ್ಲ ಗೊತ್ತೇ ಇತ್ತು, ಆದರೂ ಹೇಳಿದೆ.

ಆದರೆ ಅವನ ಬೆನ್ನು ಸವರುವವರು ಯಾರು? ನನ್ನ ಖಾನಾವಳಿಯಲ್ಲಿ ಕುಕ್ಕರ್ ಇಲ್ಲ. “ಅನ್ನ ಯಾಕ ತಡಾ ಈರಕ್ಕಾ?” ಎಂದು ಗಿರಾಕಿಗಳು ಕೇಳಿದರೆ, “ಬೋಗುಣಿ ಅನ್ನದ ರುಚೀನ ಬ್ಯಾರೆ” ಎಂದು ಬಾಯಿ ಮುಚ್ಚಿಸುತ್ತೇನೆ. ಅದು ಸುಳ್ಳು. ಅನಮೋಡ ಘಾಟಿನ ತಿರುವಿನಿಂದ ಇವನು ಒಂದು ಮಗುವನ್ನು ಆಸ್ಪತ್ರೆಗೆ ತಂದಿದ್ದ. ಮಗು ಉಳಿಯಲಿಲ್ಲ. ಆಮೇಲೆ ಕುಕ್ಕರ್ ಸೀಟಿ ಹೊಡೆದರೆ ಸಾಕು, ಸೈರನ್ ಕೇಳಿದವನಂತೆ ಕೈಯ ತುತ್ತು ಬಿಟ್ಟು ಏಳುತ್ತಿದ್ದ. ನಾನು ಕುಕ್ಕರನ್ನು ಅಟ್ಟಕ್ಕೆ ಹಾಕಿದೆ. ನಡಿಗೆಯಲ್ಲೂ ಆ ತಿರುವಿನಲ್ಲಿ ಆಚೆ ಮುಖ ಮಾಡಿ ದಾಪುಗಾಲು ಹಾಕಿದ. ಅಯ್ಯೋ, ಇದನ್ನೆಲ್ಲ ಇಲ್ಲಿ ಹೇಳಬಾರದಿತ್ತೇನೋ. ಬಾಯಿಂದ ಬಂದುಹೋಯಿತು.

ಡಾಕ್ಟರ್ ಮೇಡಂ, ಎದ್ದಿರಾ? ಇನ್ನೆರಡೇ ಮಾತು, ಕೂತ್ಕೊಳ್ರಿ. ಹೋದರು ನೋಡಿ. ಮುಖ್ಯ ಅತಿಥಿಗಳಿಗೆ ಯಾವಾಗಲೂ ಅವಸರ.

ಇರಲಿ. ನಿಮ್ಮ ದೇಣಿಗೆಯಿಂದಲೇ ಈ ಭವನದ ಪಡಸಾಲೆಯಾಚೆ ಒಂದು ಕೋಣೆ ಸಿದ್ಧವಾಗಿದೆ. ಮನಸ್ಸಿನ ಭಾರ ಹೇಳಿಕೊಳ್ಳಲು ಬಂದವರ ಮಾತನ್ನು ಡಾಕ್ಟರ್ ಮೇಡಂ ಅಲ್ಲಿ ಕೂತು ಕೇಳುತ್ತಾರೆ. ಬೆಳಿಗ್ಗೆ ರಿಬ್ಬನ್ ಕತ್ತರಿಸಿದ್ದಾಯಿತು, ಪೇಡೆ ಹಂಚಿದ್ದಾಯಿತು. ಒಳಗೆ ಮಾತ್ರ ಯಾರೂ ಕಾಲಿಡಲಿಲ್ಲ. ಸಮವಸ್ತ್ರದವರೆಲ್ಲ ಮದುವೆಯ ಪಂಕ್ತಿಯಲ್ಲಿ ನಿಂತಂತೆ “ಮೊದಲ ನೀವು, ಮೊದಲ ನೀವು” ಎಂದರು. ನೀನಾದರೂ ಹೋಗೋ ಎಂದು ತಮ್ಮನಿಗೆ ಹೇಳಿದರೆ, “ಅದು ಬ್ಯಾರೇದವ್ರಿಗೆ ಅಕ್ಕಾ, ನನಗೇನಾಗೇತಿ? ನಾ ಆರಾಮ ಅದೀನಿ” ಎಂದ. ಸಭಿಕರೇ, ಘಾಟು ದಾಟಿ ಬಂದವನಿಗೆ ಒಂದು ಹೊಸ್ತಿಲು ದಾಟಲು ಆಗದೇ? ಅವನೇ ಹೋಗದಿದ್ದರೆ ಉಳಿದವರು ಹೋಗುತ್ತಾರೆಯೇ? ನನಗೆ ಶಾಲು, ಹಾರ ಏನೂ ಬೇಡ, ಅದೊಂದು ಆದರೆ ಸಾಕು.

ರುದ್ರೇಶ, ಎದ್ದು ಬಾ. ಶಾಲು ಹೊದಿಸಿಕೋ. ಎಲ್ಲಿ? ಕುರ್ಚಿ ಖಾಲಿ ಇದೆಯಲ್ಲ! ನೋಡಿದಿರಾ ಅಧ್ಯಕ್ಷರೇ, ಜಾರಿಕೊಂಡ. ನಾನಿಲ್ಲಿ ಇವನನ್ನು ಹೊಗಳಿ ಗಂಟಲು ಒಣಗಿಸಿಕೊಂಡರೆ ಇವನು ಚಹಾ ಕುಡಿಯಲು...

ತಡೆಯಿರಿ. ಒಂದು ನಿಮಿಷ. ಇಲ್ಲಿಂದ ಪಡಸಾಲೆ ಕಾಣುತ್ತದೆ. ಆ ಕೋಣೆಯ ಬಾಗಿಲು ಮುಚ್ಚಿದೆ. ಹೊರಗೆ ಮೇಡಂ ಅವರ ಚಪ್ಪಲಿ ಇವೆ. ಪಕ್ಕದಲ್ಲಿ ಇನ್ನೊಂದು ಜೋಡಿ. ಒಂದರ ಪಟ್ಟಿಗೆ ಕೆಂಪು ಸೆರಗು ಕಟ್ಟಿದೆ.

ಬೇಡ, ಚಪ್ಪಾಳೆ ತಟ್ಟಬೇಡಿ, ಕೈ ಮುಗಿಯುತ್ತೇನೆ. ಒಳಗೆ ನನ್ನ ತಮ್ಮ ಮಾತಾಡುತ್ತಿದ್ದಾನೆ. ಶಾಲು ಇಲ್ಲೇ ಇರಲಿ, ಬಂದಮೇಲೆ ನಾನೇ ಹೊದಿಸುತ್ತೇನೆ. ಕುಕ್ಕರ್ ಅಟ್ಟದಲ್ಲೇ ಇರಲಿ, ಅದಕ್ಕೇನು ಅವಸರ? ಭೀಮಸಿಂಗ್ ಅಣ್ಣಾ, ಆ ಬಾಗಿಲ ಮುಂದೆ ಇನ್ನೂ ಬೇಕಾದಷ್ಟು ಜಾಗವಿದೆ.

ಅನ್ನ ಕೊಟ್ಟವರಿಗೆ, ನೆರಳು ಕೊಟ್ಟವರಿಗೆ, ನಮ್ಮ ಜೊತೆ ನಡೆದವರಿಗೆ ನನ್ನ ಧನ್ಯವಾದ. ಸದ್ದು ಮಾಡದೆ ಹೇಳುತ್ತೇನೆ, ನೀವೂ ಹಾಗೆಯೇ ಎದ್ದು ಹೋಗಿ. ನಮಸ್ಕಾರ.