ವಿಯೊರಿಕಾ ತಿಂದ ಗೋಧಿ

ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿರುತ್ತಾರೆ. ಮೊದಲು ಮಗಳಿಗೆ ನೀರು ಬೇಕಾಯಿತು. ಈಗ ನನ್ನ ಗಂಡ ದೋರೆಲ್‌ಗೆ ಕಾಲುಚೀಲ ಎಲ್ಲಿದೆ ಅಂತ ತಿಳಿಯಬೇಕಂತೆ. ಕಾಲಲ್ಲೇ ಇದೆ ಮಾರಾಯ. ಸುಮ್ಮನೆ ಕೇಳು.

ಇದು ನನ್ನ ಚಿಕ್ಕಮ್ಮನ ಮಗಳು ವಿಯೊರಿಕಾಗೆ ಆದದ್ದು. ಗಂಡ ತೀರಿಕೊಂಡ ಮೇಲೆ ಅವಳ ಬಾಗಿಲು ತಟ್ಟುವವರೇ ಇರಲಿಲ್ಲ. ಒಂದು ದಿನ ಒಬ್ಬಳೇ ಬಸ್ಸು ಹತ್ತಿ ಬುಕಾರೆಸ್ಟ್ ನೋಡಲು ಹೋದಳು. ನೋಡಿದಳು... ಚೆನ್ನಾಗಿದೆ ಅನ್ನೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ.

ಹಳೆಯ ಚರ್ಚಿನ ಬಾಗಿಲಲ್ಲಿ ಕಪ್ಪು ತಲೆವಸ್ತ್ರದ ಮುದುಕಿಯೊಬ್ಬಳು ಬಟ್ಟಲು ಚಾಚಿದಳು. ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿ. ಸತ್ತವರಿಗೆಂದು ಹಂಚುವುದು. ತಗೊಂಡವರು ಯಾರ ಹೆಸರಿಗೆ ಎಂದು ಕೇಳಬೇಕು, ‘ದೇವರು ಕ್ಷಮಿಸಲಿ’ ಅನ್ನಬೇಕು. ಇಲ್ಲದಿದ್ದರೆ ಅದು ಸತ್ತವರಿಗೆ ಮುಟ್ಟುವುದಿಲ್ಲ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಇವಳಿಗೆ ಹಸಿವು. ‘ಚೆನ್ನಾಗಿದೆ ಅಜ್ಜಿ’ ಅಂದು ತಿಂದು ಮುಗಿಸಿದಳು.

ಮುಂದೆ ಹೊರಟರೆ ಹಿಂದೆ ಟಕ್... ಸರ್... ಟಕ್... ಸರ್... ಒಂದು ಕಾಲು ಎಳೆದು ನಡೆಯುವ ಸದ್ದು. ಅದೇ ಮುದುಕಿ.

"ಊರು ನೋಡೋಕೆ ಬಂದ್ಯೇನೆ? ಒಬ್ಬಳೇ?"

"ಹೂಂ ಅಜ್ಜಿ."

"ನಡಿ. ನಾನೂ ಒಬ್ಬಳೇ."

ದಿನವಿಡೀ ಸುತ್ತಿದರು. ಹಳೆಯ ಛತ್ರದ ಅಂಗಳ, ನದಿಯ ದಂಡೆ. ದೊಡ್ಡ ಅರಮನೆಯ ಮುಂದೆ ಮುದುಕಿ, "ಕಟ್ಟಿಸಿದವರಿಗೇನು, ಗುಡಿಸೋರ ಸೊಂಟ ಕೇಳು" ಅಂದಳು. ವಿಯೊರಿಕಾ ನಕ್ಕಳು. ತನ್ನ ನಗು ಕೇಳಿ ತಾನೇ ಬೆಚ್ಚಿದಳಂತೆ.

ಸಂಜೆ ಬಸ್ಸಿನ ಹತ್ತಿರ ಮುದುಕಿ ಪಿಸುಗುಟ್ಟಿದಳು. "ಯಾರ ಹೆಸರಿಗೆ ಅಂತ ನೀನು ಕೇಳಲೇ ಇಲ್ಲ ಮಗಳೇ."

"ಯಾರ ಹೆಸರಿಗೆ?"

"ನನ್ನ ಹೆಸರಿಗೇ. ನನಗೆ ಅಂತ ಹಂಚೋರು ಯಾರೂ ಉಳಿದಿಲ್ಲ. ನಾನೇ ಬೇಯಿಸಿಕೊಂಡು ಬಂದೆ... ‘ದೇವರು ಕ್ಷಮಿಸಲಿ’ ಅಂದುಬಿಡು, ಹೋಗ್ತೀನಿ."

ವಿಯೊರಿಕಾ ಬಾಯಿ ತೆರೆದಳು... ಮುಚ್ಚಿದಳು. ಬಸ್ಸು ಹತ್ತಿದಳು. ಹಿಂದೆಯೇ ಮೆಟ್ಟಿಲ ಮೇಲೆ, ಟಕ್... ಸರ್...

ನಗಬೇಡ ದೋರೆಲ್. ಹೋದ ಭಾನುವಾರ ನಾನೇ ಅವಳ ಮನೆಗೆ ಹೋಗಿದ್ದೆ. ಅವಳು ಎಲೆಕೋಸು ಹೆಚ್ಚುತ್ತಿದ್ದಳು. ಖಾಲಿ ಒಳಕೋಣೆಯಲ್ಲಿ ಆ ಸದ್ದು ಕಿಟಕಿಯವರೆಗೆ ಹೋಗಿ ನಿಂತಿತು. "ತೆಗೀಬೇಡ ಅಜ್ಜಿ, ಚಳಿ" ಅಂದಳು, ತಲೆ ಎತ್ತದೆ. ಈ ಕಿವಿಯಲ್ಲೇ ಕೇಳಿದ್ದು.

"ಆ ಮಾತು ಹೇಳಿಬಿಡೇ," ಅಂದೆ ಮೆಲ್ಲಗೆ. "ಪಾಪ, ಮುದುಕಿ ಹಸಿದುಕೊಂಡೇ ಇದ್ದಾಳೆ."

ಅವಳು ಚಾಕು ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು.

"ಹೇಳ್ತೀನಿ. ಆಮೇಲೆ ನೀನು ದಿನಾ ಬರ್ತೀಯಾ?"